ಚೀಲಕ್ಕೆಂದು ಕಳೆಯುವ ಒಂದು ಕೆಜಿ

ರೊಬಸ್ಟಾ ಕಾಫಿ ಕುಯ್ಲಿನ ಕಾಲದಲ್ಲಿ ಕೊಡಗಿನ ಗೋಣಿಕೊಪ್ಪ, ಸಿದ್ದಾಪುರದ ಯಾವ ಹೋಟೆಲ್‌ನಲ್ಲಿ ಕೂತರೂ ಕಾಫಿ ವ್ಯಾಪಾರಿಯ ಕಾಟಾ, ಅಂದರೆ ತೂಕದ ಯಂತ್ರ, ಕಡಿಮೆ ತೋರಿಸುತ್ತದೆ ಎಂಬ ದೂರು ಕಿವಿಗೆ ಬೀಳುತ್ತದೆ. ದೂರು ಎಷ್ಟೋ ಸಲ ನಿಜವೇ. ಆದರೆ ಅದೇ ಬೆಳೆಗಾರರ ತೋಟದಲ್ಲಿ ಸಂಜೆ ಇನ್ನೊಂದು ಕಾಟಾದ ಮುಂದೆ ಕುಯ್ಲಿನವರು ಸಾಲು ನಿಂತಿರುತ್ತಾರೆ. ಅದರ ಮಾತು ಹೋಟೆಲ್‌ಗೆ ಬರುವುದಿಲ್ಲ.

ಮೊದಲು ವ್ಯಾಪಾರಿಯ ಕಡೆ ನೋಡೋಣ. ಒಣ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ) ಬೆಲೆ ಔಟ್‌ಟರ್ನ್ ಮೇಲೆ ನಿಲ್ಲುತ್ತದೆ, ಅಂದರೆ 50 ಕೆಜಿ ಚೀಲಕ್ಕೆ ಎಷ್ಟು ಕೆಜಿ ಬೀಜ ಎಂಬ ಲೆಕ್ಕ. 100 ಗ್ರಾಂ ಸ್ಯಾಂಪಲ್‌ನ ಸಿಪ್ಪೆ ತೆಗೆದಾಗ 52 ಗ್ರಾಂ ಬೀಜ ಸಿಕ್ಕರೆ ಔಟ್‌ಟರ್ನ್ 26. ಸ್ಯಾಂಪಲ್‌ನಲ್ಲಿ ಒಂದೇ ಒಂದು ಗ್ರಾಂ ಆಚೀಚೆಯಾದರೆ ಚೀಲಕ್ಕೆ ಅರ್ಧ ಕೆಜಿ ಬೀಜ ಆಚೀಚೆ. ಬೀಜ ಕೆಜಿಗೆ 400 ರೂಪಾಯಿ ಎಂದಿಟ್ಟುಕೊಂಡರೆ 200 ರೂಪಾಯಿ ಹೋಯಿತು. ಐದೈದು ಗ್ರಾಂಗೆ ಮುಳ್ಳು ಹಾರುವ ತಕ್ಕಡಿಯಲ್ಲಿ ಇದನ್ನು ತೂಗುವುದು ಮೋಸವಲ್ಲದಿದ್ದರೂ ಮೋಸದಷ್ಟೇ ದುಬಾರಿ.

ಆದ್ದರಿಂದ ಲಾರಿ ಹತ್ತಿಸುವ ಮೊದಲು ಮನೆಯಲ್ಲೇ ನೋಡಿಕೊಳ್ಳಿ. ಮೇಲಿನ ನಾಲ್ಕು ಚೀಲದಿಂದ ಹಿಡಿ ತೆಗೆದರೆ ಅದು ಸ್ಯಾಂಪಲ್ ಅಲ್ಲ. ಹತ್ತು ಚೀಲಕ್ಕೆ ಮೂರಾದರೂ ಬಿಚ್ಚಿ, ಮೇಲೆ, ನಡುವೆ, ತಳ ಮೂರೂ ಕಡೆಯಿಂದ ತೆಗೆದು, ಹಾಳೆಯ ಮೇಲೆ ಸುರಿದು ಕಲಸಿ. ಗುಡ್ಡೆಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳಿ. 300 ಗ್ರಾಂಗೆ ಇಳಿಯುವವರೆಗೆ ಹೀಗೇ ಮಾಡಿ. ಅದರಲ್ಲಿ ನೂರು ನೂರು ಗ್ರಾಂನಂತೆ ಮೂರು ಸಲ ಸಿಪ್ಪೆ ತೆಗೆದು, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಸರಾಸರಿ ಹಿಡಿಯಿರಿ. ಮೂರರ ನಡುವೆ ಎರಡು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಲಸಿದ್ದು ಸಾಲದು ಎಂದರ್ಥ.

ತೇವದ ಲೆಕ್ಕದಲ್ಲಿ ಮಾತ್ರ ಬೆಳೆಗಾರರೂ ಸಾಚಾ ಅಲ್ಲ. ಕಾಫಿ ಬೋರ್ಡ್ ರೊಬಸ್ಟಾ ಚೆರಿಗೆ ಹೇಳುವುದು ಶೇ 11. ಆ ಹದದ 50 ಕೆಜಿಯಲ್ಲಿ ಒಣ ಪದಾರ್ಥ 44.5 ಕೆಜಿ. ಅದೇ ಕಾಫಿಯನ್ನು ಶೇ 13ರಲ್ಲಿ ಚೀಲಕ್ಕೆ ತುಂಬಿದರೆ ಕಾಟಾ 51.15 ಕೆಜಿ ತೋರಿಸುತ್ತದೆ. ಹೆಚ್ಚಾದ 1.15 ಕೆಜಿ ಬರೀ ನೀರು. ಎರಡು ಬಿಸಿಲು ಕಡಿಮೆ ಕೊಟ್ಟು ಚೀಲ ಕಟ್ಟುವವರಿದ್ದಾರೆ, ನೆಲದಲ್ಲಿ ಉದುರಿದ್ದನ್ನು ಆರಿಸಿ ಒಳ್ಳೆಯದರ ತಳಕ್ಕೆ ಹಾಕುವವರೂ ಇದ್ದಾರೆ. ತೇವದ ಕಾಫಿ ಗೋದಾಮಿನಲ್ಲಿ ಬೂಸು ಹಿಡಿಯುತ್ತದೆ, ನೆಲಗಾಯಿ ಬರುವಾಗಲೇ ಬೂಸು ಹೊತ್ತು ಬಂದಿರುತ್ತದೆ. ವ್ಯಾಪಾರಿ ಇದನ್ನು ಬಲ್ಲ. ಯಾರ ಚೀಲ ಎಂದು ಹುಡುಕುತ್ತಾ ಕೂರುವ ಬದಲು, ಬಂದವರೆಲ್ಲರ ಔಟ್‌ಟರ್ನ್‌ನಲ್ಲಿ ಅರ್ಧ ಕೆಜಿ ಇಳಿಸಿಬಿಡುತ್ತಾನೆ. ಸರಿಯಾಗಿ ಒಣಗಿಸಿದ ಪಕ್ಕದ ತೋಟದವರು ಅದನ್ನು ತೆರುತ್ತಾರೆ.

ಮಳೆಗಾಲದಲ್ಲಿ ಒಬ್ಬರಿಂದ ಮುಂಗಡ ತೆಗೆದುಕೊಂಡು, ರೇಟು ಏರಿದಾಗ ಇನ್ನೊಬ್ಬರಿಗೆ ಕಾಫಿ ಹಾಕುವುದು ಇದೇ ಜಾತಿಯದು. ಹಾಗೆಯೇ, ದರ ಆಮೇಲೆ ನೋಡೋಣ ಎಂದು ವ್ಯಾಪಾರಿ ಕಾಫಿ ಇಳಿಸಿಕೊಂಡು ಬರೀ ಚೀಲದ ಲೆಕ್ಕ ಬರೆದು ಚೀಟಿ ಕೊಡುವುದೂ. ಚೀಟಿಯಲ್ಲಿ ತಾರೀಖು, ಕೆಜಿ, ತೇವ, ಔಟ್‌ಟರ್ನ್ ನಾಲ್ಕೂ ಇರಬೇಕು.

ಇನ್ನು ಸಂಜೆಯ ಕಾಟಾ. ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ದವರು ಒಬ್ಬೊಬ್ಬರಾಗಿ ಚೀಲ ಇಡುತ್ತಾರೆ. ಡಿಸ್‌ಪ್ಲೇ ತೋಟದ ಲೆಕ್ಕ ಬರೆಯುವ ರೈಟರ್ ಕಡೆ ತಿರುಗಿದೆ. 47.8 ಬಂತು.

“ನಲವತ್ತೇಳು. ಚೀಲಕ್ಕೆ ಒಂದು ಕಳೆದು ನಲವತ್ತಾರು, ಅಕ್ಕ. ಮುಂದಿನವರು ಬನ್ನಿ.”

ಇಲ್ಲಿ ಎರಡು ಕಡಿತ ಆಯಿತು. ಪ್ಲಾಸ್ಟಿಕ್ ಚೀಲ ನೂರು ಗ್ರಾಂ ಆಸುಪಾಸು ತೂಗುತ್ತದೆ. ಕೆಜಿ ಕಳೆಯುವ ಪದ್ಧತಿ ಗೋಣಿಚೀಲದ ಕಾಲದ್ದು. ಗೋಣಿ ಹೋಯಿತು, ಕಡಿತ ಉಳಿಯಿತು. ಎರಡನೆಯದು ಆ 800 ಗ್ರಾಂ. ಪ್ರತಿ ಸಲ ಕೆಳಕ್ಕೇ ಇಳಿಸಿದರೆ ಚೀಲಕ್ಕೆ ಸರಾಸರಿ ಅರ್ಧ ಕೆಜಿ ಹೋಗುತ್ತದೆ. ದಿನಕ್ಕೆ 40 ಚೀಲ, 50 ದಿನದ ಕುಯ್ಲು ಎಂದರೆ ಅದೊಂದೇ 1,000 ಕೆಜಿ. ಚೀಲದ ಸುಳ್ಳು ತೂಕ ಇನ್ನೂ 1,800 ಕೆಜಿ. ಕುಯ್ಲಿಗೆ ಕೆಜಿಗೆ 5 ರೂಪಾಯಿ ಹಿಡಿದರೆ ಒಟ್ಟು 14,000. ಇಪ್ಪತ್ತು ಜನ ಇದ್ದರೆ ತಲೆಗೆ 700. ಇಷ್ಟಕ್ಕಾಗಿ ಮುಂದಿನ ವರ್ಷ ಆಳು ಸಿಗುತ್ತಿಲ್ಲ ಎಂದು ಗೊಣಗುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಈ ಎರಡು ಕಾಟಾಗಳನ್ನು ಬೇರೆ ಎಂದು ನೋಡುವುದಿಲ್ಲ. ಮಾರಾಟದ ಜೊತೆಗೆ, ಮಾಡಿದ ಕೆಲಸ ಅಳೆದು ಕೂಲಿ ಲೆಕ್ಕ ಹಾಕುವುದೂ ಅದರ ಪ್ರಕಾರ ವ್ಯವಹಾರವೇ. ಎಲೆಕ್ಟ್ರಾನಿಕ್ ಕಾಟಾಕ್ಕೆ ವರ್ಷಕ್ಕೊಮ್ಮೆ ಸರಕಾರಿ ತಪಾಸಣೆಯ ಮುದ್ರೆ ಬೀಳಬೇಕು. ನಡುವೆ ನೀವೇ ನೋಡಿಕೊಳ್ಳಲು 20 ಕೆಜಿಯ ಮುದ್ರೆಯಿರುವ ಬಟ್ಟು ಸಾಕು. ತಟ್ಟೆಯ ನಡುವೆ ಒಮ್ಮೆ, ನಾಲ್ಕು ಮೂಲೆಯಲ್ಲಿ ಒಂದೊಂದು ಸಲ ಇಡಿ. ಮೂಲೆಯಲ್ಲಿ ಬೇರೆ ಅಂಕಿ ಬಂದರೆ ಹೆಚ್ಚಾಗಿ ಕಾಟಾ ಸಮತಟ್ಟಾಗಿ ಕೂತಿರುವುದಿಲ್ಲ, ಇಲ್ಲವೇ ತಟ್ಟೆಯಡಿ ಹಣ್ಣೋ ಕಲ್ಲೋ ಸಿಕ್ಕಿಕೊಂಡಿರುತ್ತದೆ.

ಖಾಲಿ ಚೀಲವನ್ನು ಎಲ್ಲರೆದುರು ಒಮ್ಮೆ ತೂಗಿ, ಬಂದಷ್ಟೇ ಕಳೆಯಿರಿ. ಪಾಯಿಂಟ್ ಬಿಡದೆ ಬರೆದು, ಅದೇ ಅಂಕಿಯನ್ನು ಅವರ ಚೀಟಿಯಲ್ಲೂ ಬರೆಯಿರಿ. ಎಲೆ, ಕಡ್ಡಿ ಇದೆ ಎಂದು ಅಂದಾಜಿನಲ್ಲಿ ಎರಡು ಕೆಜಿ ಹೊಡೆಯುವ ಬದಲು, ತೂಕಕ್ಕೆ ಮೊದಲು ಟಾರ್ಪಾಲಿನ ಮೇಲೆ ಸುರಿದು ಆರಿಸಲು ಹತ್ತು ನಿಮಿಷ ಬಿಡಿ. ಕಾಯಿ ಹೆಚ್ಚಾಗಿದ್ದರೂ ಅಲ್ಲೇ ಕಾಣುತ್ತದೆ. ಮಳೆ ಬಿದ್ದು ಹಣ್ಣು ನೆಂದ ದಿನದ ಕಡಿತ ಎಷ್ಟೆಂಬುದನ್ನು ಬೆಳಿಗ್ಗೆ ಗಿಡಕ್ಕೆ ಕೈ ಹಾಕುವ ಮೊದಲೇ ಹೇಳಿ. ಡಿಸ್‌ಪ್ಲೇಯನ್ನು ಚೀಲ ಇಟ್ಟವರ ಕಡೆ ತಿರುಗಿಸಿ. ರೈಟರ್ ಬೇಕಾದರೆ ಬಗ್ಗಿ ನೋಡಲಿ.