ಬೆಂಡು ಮಲಗಿತು ಅಂತ ಮಗಳು ಬರೆದಿದ್ದಳು

ನಾನು ಊರಿಗೆ ಕುಡಿಯುವ ನೀರು ಎತ್ತುವ ಒಂದು ಪಂಪ್‌ಹೌಸ್‌ನಲ್ಲಿ ಶಿಫ್ಟ್ ಇನ್‌ಚಾರ್ಜ್. ಹದಿನಾರು ವರ್ಷ ಆಯಿತು. ನಮ್ಮ ಆಪರೇಟರ್‌ಗಳು ಗಂಟೆಗೊಮ್ಮೆ ಲಾಗ್ ಪುಸ್ತಕ ತುಂಬಬೇಕು. ವೋಲ್ಟೇಜ್, ಆಂಪಿಯರ್, ಪ್ರೆಶರ್, ಬೇರಿಂಗ್ ಎಷ್ಟು ಬಿಸಿ, ಕೊನೆಯಲ್ಲಿ ಷರಾ ಅಂತ ಒಂದು ಕಾಲಂ. ಆ ಷರಾ ಕಾಲಂನಲ್ಲಿ ಏನು ಬರೆಯಬೇಕು ಅನ್ನೋದು ನನಗೆ ಸರಿಯಾಗಿ ಗೊತ್ತಾಗಿದ್ದು ಹೋದ ವರ್ಷ, ಮಾರಿಕಣಿವೆಯ ಹಿನ್ನೀರಿನಲ್ಲಿ, ಹನ್ನೊಂದು ವರ್ಷದ ಮಗಳ ಜೊತೆ ಗಾಳ ಹಾಕಿ ಕೂತಿದ್ದ ಒಂದು ಭಾನುವಾರ.

ಮಾರಿಕಣಿವೆ ಅಂದರೆ ಹಿರಿಯೂರು ಕಡೆಯ ವಾಣಿವಿಲಾಸ ಸಾಗರ. ವೇದಾವತಿ ನದಿಗೆ ಅಡ್ಡ, ಎರಡು ಗುಡ್ಡದ ನಡುವೆ, 1898ರಿಂದ 1907ರವರೆಗೆ ಕಟ್ಟಿದ ಕಟ್ಟೆ. 130 ಅಡಿ ನೀರು ನಿಂತರೆ ಕೋಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಆಮೇಲೆ 2022ರ ಸೆಪ್ಟೆಂಬರ್‌ವರೆಗೆ 89 ವರ್ಷ ಬೀಳಲೇ ಇಲ್ಲ. ನಮ್ಮ ಕಡೆ ಅಜ್ಜಂದಿರೂ ಅದನ್ನು ಕೇಳಿದ್ದರೇ ಹೊರತು ನೋಡಿರಲಿಲ್ಲ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ನಾವು ಹೋದದ್ದು ಅದರ ಮುಂದಿನ ತಿಂಗಳು. ಹಿನ್ನೀರಿನಲ್ಲಿ ಜಾಲಿ ಗಿಡಗಳು ಸೊಂಟದವರೆಗೆ ನೀರಲ್ಲಿ ನಿಂತಿದ್ದವು, ಅವುಗಳ ತುದಿಯಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಒಣಗಿಸುತ್ತಾ ಕೂತಿದ್ದವು. ಜಲಾಶಯದಲ್ಲಿ ಮೀನು ಹಿಡಿಯಲು ಲೈಸೆನ್ಸ್ ಬೇಕು, ಸುಮ್ನೆ ಹೋಗಿ ಕೂರುವ ಹಾಗಿಲ್ಲ. ಹಾಗಾಗಿ ಅಲ್ಲಿ ಬಲೆ ಬಿಡುವ ಪರಿಚಯದ ಅಜ್ಜರೊಬ್ಬರ ಜೊತೆಯಲ್ಲೇ ಹೋಗಿದ್ದೆವು.

ಬೆಳಿಗ್ಗೆ ಏಳು ಗಂಟೆ. ಮಗಳ ಕೈಯಲ್ಲಿ ಶಾಲೆಯ ಹಳೆಯ ರಫ್ ನೋಟ್ಸ್. "ಎಲ್ಲ ಬರೀತೀನಿ" ಅಂದಳು. ನಾನು "ಮೀನು ಕಚ್ಚಿದಾಗ ಮಾತ್ರ ಬರಿ, ಸುಮ್ನೆ ಪುಟ ತುಂಬಿಸಬೇಡ" ಅಂದೆ. ಇದೇ ಮಾತನ್ನು ಪಂಪ್‌ಹೌಸ್‌ನಲ್ಲೂ ನಾನು ಎಷ್ಟೋ ಸಲ ಹೇಳಿದ್ದೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ರಾಗಿ ಹಿಟ್ಟಿಗೆ ತವುಡು ಸೇರಿಸಿ ನಾದಿದ ಉಂಡೆ ಕೊಕ್ಕೆಗೆ. ತಂಗೂಸಿ ದಾರಕ್ಕೆ, ನೀರಿನ ಮೇಲೆ ತೇಲುವ ನವಿಲುಗರಿಯ ಕಡ್ಡಿಯ ಬೆಂಡು, ಕೆಳಗೆ ಸೀಸದ ಗುಂಡು. ಮೊದಲು ಬೆಂಡಿನಿಂದ ಕೊಕ್ಕೆಗೆ ಎರಡು ಮೊಳ ಇಟ್ಟೆವು. ಬೆಂಡು ನೀರಿನ ಮೇಲೆ ಟಕಟಕ ಕುಣಿಯಿತು. ಎಳೆದರೆ ಹಿಟ್ಟು ಖಾಲಿ. ಜಿಲೇಬಿ ಮೀನಿನ ಕೆಲಸ. ಎರಡು ಸಿಕ್ಕವು, ಅಂಗೈ ಅಗಲ. ಮಗಳು ಮುಟ್ಟಿ, ಬೆನ್ನಿನ ಮುಳ್ಳು ಚುಚ್ಚಿಸಿಕೊಂಡು, ಅದನ್ನೂ ಬರೆದಳು.

ಎಂಟು ಗಂಟೆ ದಾಟಿದ ಮೇಲೆ ಅಜ್ಜ ಬಂದು, ಇಲ್ಲಿ ದೊಡ್ಡದು ಬೇಕಾದರೆ ತಳಕ್ಕೆ ಬಿಡಿ ಅಂದರು. ಒಂದೇ ನೀರಾದರೂ ಮೀನುಗಳು ಅಂತಸ್ತು ಹಂಚಿಕೊಂಡಿರುತ್ತವೆ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ಮತ್ತು ಗೆಂಡೆ ತಳದ ಕೆಸರು ಕೆದಕುತ್ತವೆ. ಬೆಂಡನ್ನು ಮೇಲಕ್ಕೆ ಸರಿಸಿ, ಗುಂಡು ನೆಲ ಮುಟ್ಟುವಷ್ಟು ದಾರ ಬಿಟ್ಟು, ಅಜ್ಜ ತೆಪ್ಪ ಹತ್ತಿ ಬಲೆ ನೋಡಲು ಹೋದರು.

ಆಮೇಲೆ ಸುಮಾರು ಒಂದೂವರೆ ಗಂಟೆ ಏನೂ ಇಲ್ಲ. ನನ್ನ ಲೆಕ್ಕದಲ್ಲಿ ಏನೂ ಇಲ್ಲ. ನಾನು ಬೆಂಡು ಮುಳುಗುವುದನ್ನೇ ಕಾಯುತ್ತಿದ್ದೆ, ಯಾಕೆಂದರೆ ಕಚ್ಚಿದರೆ ಮುಳುಗುತ್ತದೆ ಅಂತ ಚಿಕ್ಕಂದಿನಿಂದ ತಲೆಯಲ್ಲಿ ಕೂತಿದೆ, ಕೆರೆಯಲ್ಲಿ ಪಕ್ಕೆ, ಗಿರ್ಲು ಮೀನು ಹಿಡಿದು ಕಲಿತದ್ದು ಅದನ್ನೇ. ಮಗಳು ಆಗಾಗ "ಅಪ್ಪಾ, ಬೆಂಡು ಮಲಗಿತು" ಅನ್ನುತ್ತಿದ್ದಳು. ನಾನು "ಗಾಳಿ, ದಾರ ಸಡಿಲ ಆಗಿರುತ್ತೆ" ಅಂದೆ. ಮೂರನೇ ಸಲಕ್ಕೆ ಸ್ವಲ್ಪ ಜೋರಾಗಿಯೇ ಅಂದೆ. ಅವಳು ಸುಮ್ಮನಾದಳು. ಆದರೆ ಬರೆಯುವುದು ನಿಲ್ಲಿಸಲಿಲ್ಲ.

ಅಜ್ಜ ವಾಪಸ್ ಬಂದಾಗ ನೋಟ್ಸ್ ಕೇಳಿದರು. ಅವರಿಗೆ ಓದಲು ಕನ್ನಡಕ ಇರಲಿಲ್ಲ, ಮಗಳೇ ಓದಿದಳು. ಆ ಪುಟ ನನ್ನ ಹತ್ತಿರ ಈಗಲೂ ಇದೆ, ಹಾಗೇ ಇಳಿಸುತ್ತೇನೆ.

"8.35. ತಳಕ್ಕೆ. ಬೆಂಡು ಮಲಗಿತು. ಆಮೇಲೆ ಎದ್ದು ನಿಂತಿತು."

"8.50. ಬೆಂಡು ಮಲಗಿತು. ಅಪ್ಪ ಗಾಳಿ ಅಂದರು. ಜಾಲಿ ಎಲೆ ಅಲ್ಲಾಡಲಿಲ್ಲ."

"9.20. ಮಲಗಿತು. ಜಾಸ್ತಿ ಹೊತ್ತು. ಹಿಟ್ಟು ಇರಲಿಲ್ಲ."

ಅಜ್ಜ ನನ್ನ ಮುಖ ನೋಡಿ, "ಮೂರು ಸಲ ಕಚ್ಚಿದೆಯಲ್ಲಪ್ಪ" ಅಂದರು.

ಅವರು ವಿವರಿಸಿದ್ದು ಇಷ್ಟೇ. ಬೆಂಡು ನೆಟ್ಟಗೆ ನಿಲ್ಲುವುದು ಕೆಳಗೆ ಸೀಸದ ಭಾರ ಜಗ್ಗುವುದರಿಂದ. ತಳದಲ್ಲಿ ಮೇಯುವ ಗೆಂಡೆ ತಲೆ ಕೆಳಗೆ ಮಾಡಿ ಹಿಟ್ಟು ಬಾಯಿಗೆ ತಗೊಂಡು ತಲೆ ಎತ್ತುತ್ತದೆ. ಆಗ ಗುಂಡೂ ಅದರ ಜೊತೆ ಮೇಲೆ ಏಳುತ್ತದೆ. ಭಾರ ಹೋಯಿತು, ಬೆಂಡು ಮಲಗಿತು. ನಾನು ದಿನಾ ಪಂಪು, ಪೈಪು, ಭಾರ, ಒತ್ತಡದ ಜೊತೆ ಬದುಕುವವನು, ಇದು ನನಗೆ ಹೊಳೆಯಬೇಕಿತ್ತು ಅಲ್ವಾ? ಹೊಳೆಯಲಿಲ್ಲ. ಯಾಕೆಂದರೆ ನಾನು ಬೆಂಡು ನೋಡುತ್ತಲೇ ಇರಲಿಲ್ಲ, ಮುಳುಗುವುದನ್ನು ಮಾತ್ರ ಹುಡುಕುತ್ತಿದ್ದೆ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಬೆಂಡು ಮತ್ತೆ ಮಲಗಿತು. ಮಗಳೇ ಎಳೆದಳು. ಎರಡೂವರೆ ಕೆಜಿ ಗೆಂಡೆ, ಬಂಗಾರದ ಬಣ್ಣದ ದೊಡ್ಡ ದೊಡ್ಡ ಹುರುಪೆ, ಬಾಯಿಯ ಎರಡೂ ಕಡೆ ಸಣ್ಣ ಮೀಸೆ. ದಡಕ್ಕೆ ತರುವಷ್ಟರಲ್ಲಿ ಅವಳ ತೋಳು ನಡುಗುತ್ತಿತ್ತು. ಕೋಲು ನನ್ನ ಕೈಗೆ ಕೊಡಲಿಲ್ಲ.

ಈಗ ಪಂಪ್‌ಹೌಸ್ ವಿಷಯ.

ಅದಕ್ಕೂ ಎರಡು ವರ್ಷ ಹಿಂದೆ ನಮ್ಮಲ್ಲಿ ಒಂದು ಪಂಪ್ ಕೆಟ್ಟಿತ್ತು. ಪಂಪಿನೊಳಗೆ ತಿರುಗುವ ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ಹಗ್ಗದಂಥ ಪ್ಯಾಕಿಂಗ್ ಸುತ್ತಿ, ಅದನ್ನು ಒತ್ತಿ ಹಿಡಿಯುವ ಗ್ಲ್ಯಾಂಡ್ ಬಿಗಿ ಮಾಡಿರುತ್ತೇವೆ. ಅಲ್ಲಿಂದ ನೀರು ಹನಿ ಹನಿ ಬೀಳುತ್ತಲೇ ಇರಬೇಕು. ಆ ಹನಿಯಿಂದಲೇ ಪ್ಯಾಕಿಂಗ್ ತಂಪಾಗಿರುವುದು. ಹೊಸಬರಿಗೆ ಇದು ಉಲ್ಟಾ ಕಾಣುತ್ತದೆ, ಸೋರಿದರೆ ಕೆಟ್ಟದ್ದು, ನಿಂತರೆ ಒಳ್ಳೆಯದು ಅಂತ. ಆಗ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗನೊಬ್ಬ ರಾತ್ರಿ ಪಾಳಿಯಲ್ಲಿ ಹನಿ ನಿಂತದ್ದು ನೋಡಿದ್ದಾನೆ. ಷರಾದಲ್ಲಿ ಬರೆದದ್ದು "ಸರಿ ಇದೆ". ಮುಂದಿನ ಪಾಳಿಯವರೂ ಅದನ್ನು ನೋಡಿ "ಸರಿ ಇದೆ". ಮೂರನೇ ದಿನ ಪ್ಯಾಕಿಂಗ್ ಸುಟ್ಟು, ಶಾಫ್ಟ್‌ಗೆ ತೊಡಿಸಿದ ಸ್ಲೀವ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು. ಸ್ಟ್ಯಾಂಡ್‌ಬೈ ಪಂಪ್ ಮೊದಲೇ ರಿಪೇರಿಗೆ ಹೋಗಿತ್ತು. ಊರಿನ ಒಂದು ಭಾಗಕ್ಕೆ ಎರಡು ದಿನ ನೀರಿಲ್ಲ. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತ ವಯಸ್ಸಾದವರನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗಿತ್ತು.

ಹುಡುಗನಿಗೆ ಬೈದಿದ್ದೆ. ಅವನು ಒಂದೇ ಮಾತು ಹೇಳಿದ್ದ: "ಸಾರ್, ಹಿಂದಿನ ವಾರ ಹನಿ ಕಡಿಮೆ ಆಗಿದೆ ಅಂತ ಬರೆದಿದ್ದೆ, ಕಥೆ ಬರೀಬೇಡ, ಸರಿ ಇದೆಯಾ ಇಲ್ವಾ ಅಷ್ಟು ಬರಿ ಅಂದ್ರಿ." ಅವತ್ತು ಅದು ನೆಪ ಅನಿಸಿತ್ತು. ಮಗಳ ನೋಟ್ಸ್ ಕೇಳುತ್ತಾ ದಡದಲ್ಲಿ ಕೂತಾಗ ಅವನ ಮುಖವೇ ಕಣ್ಣ ಮುಂದೆ ಬಂತು. ಅವನು ಕಂಡದ್ದನ್ನು ಬರೆದಿದ್ದ. ಅದನ್ನು ಅಳಿಸಿ ತೀರ್ಪು ಬರೆಸಿದ್ದು ನಾನು. ನಾಲ್ಕು ತಿಂಗಳ ಅನುಭವದವನ ಹತ್ತಿರ ತೀರ್ಪು ಕೇಳಿದರೆ ಅವನಾದರೂ ಏನು ಮಾಡುತ್ತಾನೆ?

ಸೋಮವಾರ ಹೋಗಿ ಮೊದಲು ಅವನ ಹತ್ತಿರ ತಪ್ಪು ಒಪ್ಪಿಕೊಂಡೆ, ಎಲ್ಲರ ಎದುರಿಗೇ. ಆಮೇಲೆ ಷರಾ ಕಾಲಂ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಎಡಕ್ಕೆ "ಕಂಡದ್ದು", ಬಲಕ್ಕೆ "ಅನಿಸಿದ್ದು". ಎಡಗಡೆ ಖಾಲಿ ಬಿಡುವ ಹಾಗಿಲ್ಲ, ಬಲಗಡೆ ಬಿಡಬಹುದು. "ಸರಿ ಇದೆ" ಅನ್ನೋದು ಎಡಗಡೆ ನಡೆಯುವುದಿಲ್ಲ. ಮೊದಲ ತಿಂಗಳು ಹಳಬರಿಗೆ ಕಿರಿಕಿರಿ ಆಯಿತು, ರಾತ್ರಿ ಇಷ್ಟೆಲ್ಲ ಯಾರು ಬರೀತಾರೆ ಅಂದರು. ನಿಜ, ಬರೆಯೋದು ಜಾಸ್ತಿ ಆಗಿದೆ. ಪಾಳಿ ಬದಲಾಗುವಾಗ ನಾನು ಎಡಗಡೆಯದನ್ನು ಜೋರಾಗಿ ಓದುತ್ತೇನೆ, ಮಧ್ಯೆ ಬಾಯಿ ಹಾಕುವುದಿಲ್ಲ. ಇದು ನನಗೆ ಇನ್ನೂ ಕಷ್ಟವೇ. "ಅದು ಗಾಳಿ" ಅನ್ನುವ ಥರದ ಮಾತು ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ.

ಮೊನ್ನೆ ಬೆಳಿಗ್ಗೆ ಪಾಳಿಗೆ ಬಂದು ಪುಸ್ತಕ ತೆರೆದೆ. ಅದೇ ಹುಡುಗನ ಅಕ್ಷರ, ರಾತ್ರಿ 3.10. ಕಂಡದ್ದು: "2ನೇ ಪಂಪ್ ಹನಿ ಸಂಜೆ ನಿಮಿಷಕ್ಕೆ 45 ಇತ್ತು, ಈಗ 12. ಗ್ಲ್ಯಾಂಡ್ ಕೈಗೆ ಬಿಸಿ." ಅನಿಸಿದ್ದು: ಖಾಲಿ. ಕೆಳಗೆ 3.25ಕ್ಕೆ: "ಸೀನಿಯರ್‌ಗೆ ಫೋನ್ ಮಾಡಿದೆ. ಎರಡೂ ನಟ್ಟು ಒಂದೇ ಸಮ ಸ್ವಲ್ಪ ಸಡಿಲ ಮಾಡಿದೆ. ಹನಿ 40. ಕೈ ಇಡಬಹುದು."