ಡಬಲ್ಸ್ ಅಷ್ಟ ಆಡಿ ಹೊಟ್ಟಿ ತುಂಬತೈತೇನ್ರಿ?

ಧಾರವಾಡದಲ್ಲಿ ಸಂಜೆ ಹೊತ್ತು ಟೆನಿಸ್ ಅಂಗಳದ ಬದಿಗೆ ನಿಂತರೆ ಪಾಲಕರು ಕೇಳುವ ಪ್ರಶ್ನೆ ಇದೇ. ಮಗನಿಗೆ ಸರ್ವ್ ಚೆನ್ನಾಗಿದೆ, ನೆಟ್ ಹತ್ತಿರ ಕೈ ಚುರುಕು, ಆದರೆ ಸಿಂಗಲ್ಸ್‌ನಲ್ಲಿ ಓಡಾಟ ಸಾಲದು. ‘ಹಂಗಾರ ಡಬಲ್ಸ್ ಅಷ್ಟ ಆಡ್ಸಿದ್ರ ನಡಿತೈತೇನ್ರಿ?’

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಜಗತ್ತಿನ ಡಬಲ್ಸ್ ರ‍್ಯಾಂಕ್ ಪಟ್ಟಿಯ ಮೊದಲ ನೂರರೊಳಗೆ ಹೋದರೆ ನಡೆಯುತ್ತದೆ. ಇನ್ನೂರು, ಮುನ್ನೂರು, ಐನೂರರ ಹತ್ತಿರ ಇರುವವನಿಗೆ ಡಬಲ್ಸ್ ಒಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಅದಕ್ಕೆ ಆಟ ಕಡಿಮೆ ಎಂಬುದು ಕಾರಣವಲ್ಲ. 250ರ ಆಸುಪಾಸಿನವರ ಜೋಡಿ 80ರ ಆಸುಪಾಸಿನವರ ಜೋಡಿಯನ್ನು ಸೋಲಿಸುವುದು ಡಬಲ್ಸ್‌ನಲ್ಲಿ ಆಶ್ಚರ್ಯದ ಸುದ್ದಿಯೇ ಅಲ್ಲ. ತೊಂದರೆ ಇರುವುದು ರೊಕ್ಕ ಹಂಚಿಕೆಯಾಗುವ ರೀತಿಯಲ್ಲಿ ಮತ್ತು ಡ್ರಾ, ಅಂದರೆ ಟೂರ್ನಿಯ ಪಂದ್ಯಪಟ್ಟಿಯೊಳಗೆ ಕಾಲಿಡುವ ಬಾಗಿಲಲ್ಲಿ.

ಮೊದಲು ರೊಕ್ಕ. ವೃತ್ತಿಪರ ಟೆನಿಸ್‌ನ ಕೆಳಗಿನ ಮೆಟ್ಟಿಲು ಐಟಿಎಫ್‌ನ ಎಂ15 ಟೂರ್ನಿ, ಅದರ ಮೇಲೆ ಎಂ25; ಐಟಿಎಫ್ ಎಂದರೆ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ. 2023ರ ಅಕ್ಟೋಬರಿನಲ್ಲಿ ನಮ್ಮ ಧಾರವಾಡದಲ್ಲೇ ರಾಜಾಧ್ಯಕ್ಷ ಪೆವಿಲಿಯನ್‌ನಲ್ಲಿ ಎಂ25 ನಡೆದಿತ್ತು. ಎಂ15ರಲ್ಲಿ ಒಟ್ಟು ಬಹುಮಾನ 15,000 ಡಾಲರ್. ವರ್ಷಗಟ್ಟಲೆ ನಡೆದುಬಂದ ಪಟ್ಟಿಯಂತೆ ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 930, ರನ್ನರ್-ಅಪ್ ಜೋಡಿಗೆ 540, ಸೆಮಿಯಲ್ಲಿ ಸೋತವರಿಗೆ 320, ಮೊದಲ ಸುತ್ತಿನಲ್ಲೇ ಸೋತವರಿಗೆ 110. ಇದು ಜೋಡಿಗೆ ಸಿಗುವ ಮೊತ್ತ. ಪಾಲಕರು ಮರೆಯುವುದು ಇದನ್ನೇ, ಎಲ್ಲವನ್ನೂ ಎರಡರಿಂದ ಭಾಗಿಸಬೇಕು.

ಡಾಲರಿಗೆ 85 ರೂಪಾಯಿ ಹಿಡಿಯೋಣ. ಗೆದ್ದವನ ಕೈಗೆ ಸುಮಾರು 39,500. ಫೈನಲ್‌ನಲ್ಲಿ ಸೋತವನಿಗೆ 23,000ದ ಆಸುಪಾಸು, ಸೆಮಿಯಲ್ಲಿ ಸೋತವನಿಗೆ 13,600. ಮೊದಲ ದಿನವೇ ಸೋತವನಿಗೆ 4,700ಕ್ಕೂ ಕಡಿಮೆ. ಇನ್ನು ಖರ್ಚು. ದೇಶದೊಳಗಿನದೇ ಟೂರ್ನಿ, ಹುಬ್ಬಳ್ಳಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದಿರಿ ಎನ್ನಿ. ರೂಮು ಹಂಚಿಕೊಂಡರೆ ದಿನಕ್ಕೆ ತಲಾ 1,000, ಊಟ-ನೀರು 700, ಆಟೊ 300. ಆರು ದಿನಕ್ಕೆ 12,000 ಆಯಿತು. ಹೋಗಿಬರುವ ರೈಲು 2,000, ಮೂರು ರ‍್ಯಾಕೆಟ್‌ಗೆ ಹೊಸ ತಂತಿ ಹಾಕಿಸಲು 3,600. ಒಟ್ಟು 17,600. ಕೋಚ್ ಜೊತೆಗಿಲ್ಲ, ಫಿಸಿಯೊ ಇಲ್ಲ, ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಇಷ್ಟು ಬಿಗಿ ಹಿಡಿದರೂ ಫೈನಲ್ ತನಕ ಬಂದವರಿಗೆ ಮಾತ್ರ ಕೈಯಲ್ಲಿ ಏನಾದರೂ ಉಳಿಯುತ್ತದೆ. 16 ಜೋಡಿಯ ಡ್ರಾದಲ್ಲಿ ಫೈನಲಿಗೆ ಬರುವುದು ಎರಡೇ ಜೋಡಿ.

ವಿದೇಶಕ್ಕೆ ಹೋದರೆ ಈ ಲೆಕ್ಕ ಪೂರ್ತಿ ತಲೆಕೆಳಗು. ಅಮೆರಿಕದಲ್ಲಿ ಹೊರದೇಶದ ಆಟಗಾರನ ಬಹುಮಾನದಲ್ಲಿ 30 ಶೇಕಡಾ ತೆರಿಗೆ ಮೊದಲೇ ಮುರಿದುಕೊಂಡು ಕೊಡುತ್ತಾರೆ. ಯುರೋಪಿನಲ್ಲಿ ವಾರಕ್ಕೊಂದು ಟೂರ್ನಿ ಸಿಗುತ್ತದೆ ನಿಜ, ಆದರೆ ಶೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಮೇಲಾಗಿ ವೀಸಾಕ್ಕೆ ಪಾಸ್‌ಪೋರ್ಟ್ ಕೊಟ್ಟು ಕುಳಿತ ವಾರಗಳಲ್ಲಿ ಬೇರೆ ದೇಶಕ್ಕೂ ಹೋಗಲಾಗದು. ಟೂರ್ನಿ ಹೆಸರಿನ ಕೊನೆಗೆ ‘ಎಚ್’ ಇದೆಯೇ ನೋಡಿಕೊಳ್ಳಿ. ಎಂ25 ಪ್ಲಸ್ ಎಚ್ ಎಂದರೆ ಸಂಘಟಕರೇ ವಸತಿ ಕೊಡುತ್ತಾರೆ, ಆ ವಾರದ ದೊಡ್ಡ ಖರ್ಚು ಇಳಿದಂತೆ.

ಈಗ ಬಾಗಿಲಿನ ಮಾತು. ಡಬಲ್ಸ್ ಡ್ರಾಕ್ಕೆ ಜೋಡಿಯನ್ನು ಸೇರಿಸುವುದು ಇಬ್ಬರ ರ‍್ಯಾಂಕ್ ಕೂಡಿಸಿ. ನಿಮ್ಮದು 310, ಜೊತೆಗಾರನದು 450 ಆದರೆ ಮೊತ್ತ 760. ಕಡಿಮೆ ಮೊತ್ತದ ಜೋಡಿ ಮೊದಲು ಒಳಗೆ. ಇಷ್ಟಾದರೆ ನ್ಯಾಯ ಎನ್ನಬಹುದಿತ್ತು. ಆದರೆ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ಟೂರ್ನಿಗಳಲ್ಲಿ ಮತ್ತು ಅವಕ್ಕೂ ಐಟಿಎಫ್ ಟೂರ್ನಿಗಳಿಗೂ ನಡುವಿನ ಮೆಟ್ಟಿಲಾದ ಚಾಲೆಂಜರ್ ಟೂರ್ನಿಗಳಲ್ಲಿ ಆಟಗಾರ ತನ್ನ ಸಿಂಗಲ್ಸ್ ರ‍್ಯಾಂಕ್ ತೋರಿಸಿಯೂ ಡಬಲ್ಸ್‌ಗೆ ಹೆಸರು ಕೊಡಬಹುದು. ಹೀಗಾಗಿ ಸಿಂಗಲ್ಸ್‌ನಲ್ಲಿ 120, 150 ಇರುವ ಇಬ್ಬರು, ಹಿಂದೆ ಒಟ್ಟಿಗೆ ಒಂದು ಪಾಯಿಂಟೂ ಆಡಿರದವರು, ಮೊತ್ತ 270 ಎಂದು ಬಂದು ಕುಳಿತುಬಿಡುತ್ತಾರೆ. ಡಬಲ್ಸನ್ನೇ ನಂಬಿದವನು ಆಲ್ಟರ್ನೇಟ್ (ಬದಲಿ) ಪಟ್ಟಿಯಲ್ಲಿ ಎರಡನೆಯವನೋ ಮೂರನೆಯವನೋ ಆಗಿ, ಯಾರಾದರೂ ಹಿಂದೆ ಸರಿದಾರೇ ಎಂದು ರೆಫರಿ ಕೋಣೆಯ ಮುಂದೆ ಕಾಯುತ್ತಾನೆ. ವಿಮಾನದ ಖರ್ಚು ಆಗಿಯೇ ಹೋಗಿದೆ, ಆಡಲು ಸಿಗುವುದೋ ಇಲ್ಲವೋ ಗೊತ್ತಿಲ್ಲ.

ಹಾಗಾದರೆ ಕೆಳಗಿನ ಮೆಟ್ಟಿಲಲ್ಲೇ ರ‍್ಯಾಂಕಿಂಗ್ ಪಾಯಿಂಟ್ ಕೂಡಿಸುತ್ತಾ ಹೋದರಾಯಿತಲ್ಲ? ಎಂ15 ಗೆದ್ದರೆ 15 ಪಾಯಿಂಟ್, ಎಂ25 ಗೆದ್ದರೆ 25. ಒಂದು ಚಾಲೆಂಜರ್ 50 ಗೆದ್ದರೆ 50. ಮೂರು ವಾರ ಮೂರು ಎಂ15 ಗೆದ್ದು ಬಂದರೂ ಆ ಒಂದು ವಾರಕ್ಕೆ ಸಮ ಆಗುವುದಿಲ್ಲ. ಮೊದಲ ಸುತ್ತಿನಲ್ಲಿ ಸೋತರೆ ಸೊನ್ನೆ. ಪಾಯಿಂಟಿಗೆ 52 ವಾರದ ಆಯುಷ್ಯವಿದೆ, ಹೋದ ವರ್ಷ ಇದೇ ವಾರ ಗೆದ್ದದ್ದು ಈ ವಾರ ಉದುರುತ್ತದೆ. ಆದ್ದರಿಂದ ಎಂ15ರಲ್ಲೇ ಎರಡು-ಮೂರು ವರ್ಷ ಸುತ್ತುವುದು ನನ್ನ ಲೆಕ್ಕದಲ್ಲಿ ತಪ್ಪು. ಅಲ್ಲಿ ಎರಡು-ಮೂರು ಕಪ್ ಬಂದ ಕೂಡಲೇ ಎಂ25, ಹೆಚ್ಚು ಜನ ಬಾರದ ಊರಿನ ಚಾಲೆಂಜರ್ ಹುಡುಕಬೇಕು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಜೋಡಿಯ ವಿಷಯದಲ್ಲಿ. ಐಟಿಎಫ್ ಸಿಂಗಲ್ಸ್‌ಗೆ ಹೆಸರು ಕೊಡುವ ಗಡುವು ಟೂರ್ನಿಯ ಸೋಮವಾರಕ್ಕೆ 18 ದಿನ ಮೊದಲಿನ ಗುರುವಾರ, ನಮ್ಮ ಸಮಯ ಸಂಜೆ 7.30. ಪಟ್ಟಿ ಹೊರಬಿದ್ದ ಕೂಡಲೇ ವಾಟ್ಸಾಪ್ ಶುರುವಾಗುತ್ತದೆ: ಯಾರು ಎಲ್ಲಿಗೆ ಹೋಗುತ್ತಿದ್ದಾರೆ, ಯಾರಿಗೆ ಜೊತೆಗಾರ ಇಲ್ಲ. ಒಪ್ಪಿದವನ ಸಿಂಗಲ್ಸ್ ರ‍್ಯಾಂಕ್ ನಡುವೆ ಏರಿದರೆ ಅವನು ದೊಡ್ಡ ಟೂರ್ನಿಗೆ ಹಾರುತ್ತಾನೆ. ಇಲ್ಲವೇ ಶುಕ್ರವಾರ ಸಿಂಗಲ್ಸ್ ಕ್ವಾರ್ಟರ್ ಫೈನಲ್ ಮೂರು ಸೆಟ್ ಆಡಿ ದಣಿದು, ಸಂಜೆಯ ಡಬಲ್ಸ್ ಬಿಟ್ಟುಕೊಡುತ್ತಾನೆ. ಅವನದೂ ತಪ್ಪಲ್ಲ, ಅವನ ರೊಕ್ಕ ಇರುವುದು ಸಿಂಗಲ್ಸ್‌ನಲ್ಲಿ. ಅದಕ್ಕೇ ಕನಿಷ್ಠ ಎಂಟು-ಹತ್ತು ವಾರ ಒಟ್ಟಿಗೆ ಆಡಲು ಒಪ್ಪುವವನನ್ನು ಹಿಡಿಯಿರಿ, ರ‍್ಯಾಂಕ್ ಸ್ವಲ್ಪ ಕಡಿಮೆ ಇದ್ದರೂ ಸರಿ. ಒಬ್ಬ ಡ್ಯೂಸ್ ಕೋರ್ಟಿನಲ್ಲಿ (ಬಲಬದಿ), ಮತ್ತೊಬ್ಬ ಆ್ಯಡ್ ಕೋರ್ಟಿನಲ್ಲಿ (ಎಡಬದಿ) ನೆಮ್ಮದಿಯಾಗಿ ರಿಟರ್ನ್ ಮಾಡುವವನಿರಬೇಕು. ಇಬ್ಬರಿಗೂ ಒಂದೇ ಬದಿ ಬೇಕೆಂದರೆ ಆ ಜೋಡಿ ಬಾಳುವುದಿಲ್ಲ.

ಬದಿಗೆ ಇಷ್ಟು ಬೆಲೆ ಯಾಕೆಂದರೆ ಡಬಲ್ಸ್‌ನಲ್ಲಿ ಅಡ್ವಾಂಟೇಜ್ ಇಲ್ಲ. 40-40 ಆದರೆ ಒಂದೇ ಪಾಯಿಂಟಿಗೆ ಗೇಮ್ ತೀರ್ಮಾನ, ಯಾವ ಬದಿಯಿಂದ ಎದುರಿಸಬೇಕೆಂದು ಆರಿಸುವುದು ರಿಟರ್ನ್ ಮಾಡುವ ಜೋಡಿ. ಸೆಟ್ ಒಂದೊಂದಾದರೆ ಮೂರನೆಯ ಸೆಟ್ಟಿನ ಬದಲು 10 ಪಾಯಿಂಟಿನ ಟೈಬ್ರೇಕ್. ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಹೀಗಿಲ್ಲ, ಎಟಿಪಿ, ಚಾಲೆಂಜರ್, ಐಟಿಎಫ್ ಟೂರ್ನಿಗಳಲ್ಲಿ ಇದೇ ನಿಯಮ. ವರ್ಷದ ಅದೃಷ್ಟ ಹತ್ತಿಪ್ಪತ್ತು ಇಂಥ ಪಾಯಿಂಟ್‌ಗಳ ಮೇಲೆ ನಿಂತಿರುತ್ತದೆ. ಸರ್ವ್ ಮಾಡುವವನ ಜೊತೆಗಾರ ನೆಟ್ ಬಳಿ ಬೆನ್ನ ಹಿಂದೆ ಕೈಯಿಟ್ಟು ಬೆರಳಿನಲ್ಲಿ ಸನ್ನೆ ಮಾಡುತ್ತಾನೆ: ಚೆಂಡು ಎಲ್ಲಿಗೆ, ತಾನು ಅಡ್ಡ ಹಾಯುತ್ತಾನೋ ನಿಲ್ಲುತ್ತಾನೋ. ಎದುರಾಳಿಯ ರಿಟರ್ನ್ ಅವನನ್ನು ತಪ್ಪಿಸಿ, ಓಡಿ ಬರುವ ಸರ್ವರ್‌ನ ಪಾದದ ಹತ್ತಿರ ಬೀಳಬೇಕು. ಅಭ್ಯಾಸದಲ್ಲಿ ಜೋರಾಗಿ ಹೊಡೆಯುವ ಹುಡುಗರು ಈ ಸಣ್ಣ, ಕೆಳಗಿನ ರಿಟರ್ನನ್ನು ಕಲಿಯುವುದೇ ಇಲ್ಲ. ಬಲದ ರಿಟರ್ನ್ ಎದೆಮಟ್ಟಕ್ಕೆ ಬಂದರೆ ನೆಟ್ ಬಳಿ ಇರುವವನಿಗೆ ಅದು ಹಬ್ಬದೂಟ.

ತಂತಿಯ ವಿಷಯ ಸಣ್ಣದು, ಆದರೂ ಹೇಳಲೇಬೇಕು. 200 ಮೀಟರ್ ರೀಲ್ ಕೊಂಡರೆ, ರ‍್ಯಾಕೆಟ್ಟಿಗೆ 12 ಮೀಟರಿನಂತೆ 16 ಸಲ ಬರುತ್ತದೆ, ಬಿಡಿ ಪ್ಯಾಕಿಗಿಂತ ಅಗ್ಗ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ತೆಳು, ಚೆಂಡು ಉದ್ದ ಹೋಗುತ್ತದೆ. ಚೆನ್ನೈನಲ್ಲಿ ಆಡಿದ ಬಿಗಿಗಿಂತ ಒಂದೆರಡು ಪೌಂಡ್ ಹೆಚ್ಚು ಎಳೆಸಬೇಕು. ಎತ್ತರದಲ್ಲಿ ನಮ್ಮ ಧಾರವಾಡ ಇವೆರಡರ ನಡುವೆ, ಬೆಂಗಳೂರಿನ ಕಡೆಗೇ ಹತ್ತಿರ.

ಮೇಲೆ ಹೋದವರು ಇಲ್ಲವೇ ಎಂದರೆ ಇದ್ದಾರೆ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದರು. ಯೂಕಿ ಭಾಂಬ್ರಿ ಸಿಂಗಲ್ಸ್‌ನಲ್ಲಿ 83ರ ತನಕ ಏರಿ, ಮೊಣಕಾಲಿನ ಗಾಯದ ನಂತರ ಡಬಲ್ಸ್‌ಗೆ ಹೊರಳಿ, 2025ರ ಯುಎಸ್ ಓಪನ್ ಸೆಮಿಫೈನಲ್ ಆಡಿದರು. ಇಬ್ಬರೂ ಮೊದಲು ವರ್ಷಗಟ್ಟಲೆ ಸಿಂಗಲ್ಸ್ ಆಡಿದವರು ಎಂಬುದನ್ನು ಗಮನಿಸಿ. ಹದಿನಾರಕ್ಕೇ ಮಗನಿಗೆ ಸಿಂಗಲ್ಸ್ ಬಿಡಿಸುವ ಪಾಲಕರಿಗೆ ನಾನು ಬೇಡ ಎನ್ನುವುದು ಅದಕ್ಕೇ. ಮೇಲಿನ ಮೆಟ್ಟಿಲಲ್ಲೂ ಡಬಲ್ಸ್‌ಗೆ ಬರುವುದು ಸಣ್ಣ ಪಾಲೇ. 2025ರ ವಿಂಬಲ್ಡನ್‌ನಲ್ಲಿ ಮೊದಲ ಸುತ್ತು ಸೋತ ಸಿಂಗಲ್ಸ್ ಆಟಗಾರನಿಗೆ 66,000 ಪೌಂಡ್, ಡಬಲ್ಸ್ ಜೋಡಿಗೆ 16,500, ಅದೂ ಇಬ್ಬರಿಗೆ ಸೇರಿ. 2024ರಿಂದ ಎಟಿಪಿ ಮೊದಲ 250ರೊಳಗಿನವರಿಗೆ ವರ್ಷದ ಕನಿಷ್ಠ ಆದಾಯದ ಭರವಸೆ ಕೊಡುವ ಯೋಜನೆ ತಂದಿದೆ, ಆ ವರ್ಷ 176ರಿಂದ 250ರವರೆಗೆ 75,000 ಡಾಲರ್ ಇತ್ತು. ಅದೂ ಸಿಂಗಲ್ಸ್ ರ‍್ಯಾಂಕಿಗೆ ಮಾತ್ರ.

ಹಾಗಾದರೆ ಮುನ್ನೂರರ ಆಸುಪಾಸಿನವರು ಬದುಕುವುದು ಹೇಗೆ? ಬೇಸಿಗೆಯಲ್ಲಿ ಜರ್ಮನಿ, ಫ್ರಾನ್ಸಿನ ಕ್ಲಬ್ ಲೀಗ್‌ಗಳಲ್ಲಿ ಪಂದ್ಯಕ್ಕಿಷ್ಟು ಎಂದು ಆಡುತ್ತಾರೆ. ಊರಿಗೆ ಬಂದಾಗ ಗಂಟೆಯ ಲೆಕ್ಕದಲ್ಲಿ ಹಿಟ್ಟಿಂಗ್ ಪಾರ್ಟ್ನರ್ ಆಗುತ್ತಾರೆ, ತರಬೇತಿ ಕೊಡುತ್ತಾರೆ. ತೈಲ ಕಂಪನಿಗಳಲ್ಲಿ, ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೌಕರಿ ಹಿಡಿದು, ರಜೆ ಪಡೆದು ಟೂರ್ನಿ ಆಡುವವರೂ ಇದ್ದಾರೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಕ್ರೀಡಾ ಕೋಟಾದ ಅಧಿಸೂಚನೆ ಬಂದಾಗ ಆ ವರ್ಷದ ಪಟ್ಟಿಯಲ್ಲಿ ಟೆನಿಸ್ ಇದೆಯೇ, ಯಾವ ಹಂತದ ಸಾಧನೆ ಕೇಳಿದ್ದಾರೆ ಎಂದು ಮೊದಲು ಓದಿಕೊಳ್ಳಿ. ಪ್ರಮಾಣಪತ್ರಗಳನ್ನು ಟೂರ್ನಿ ಮುಗಿದ ವಾರವೇ ಪಡೆದು ಇಟ್ಟುಕೊಳ್ಳಿ, ಎರಡು ವರ್ಷ ಬಿಟ್ಟು ಕೇಳಲು ಹೋದರೆ ಸಂಘಟಕರ ಫೋನ್ ನಂಬರೂ ಬದಲಾಗಿರುತ್ತದೆ.