ಒಕೋಮೊ ಮತ್ತು ಅಡಿಕೆ ಸುಲಿಯುವ ರಾತ್ರಿಗಳು

ಹೋದ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಬೆಂಗಳೂರಿನ ಗೆಳತಿ ಕೊಟ್ಟಿದ್ದ ತೆಳ್ಳಗಿನ ಇಂಗ್ಲಿಷ್ ಪುಸ್ತಕವನ್ನು ಆಗಲೇ ಓದಿದ್ದು. ಹೆಸರು 'ಲಾ ಬಸ್ತಾರ್ದಾ'. ಬರೆದವರು ತ್ರಿಫೋನಿಯಾ ಮೆಲಿಬಿಯಾ ಒಬೋನೊ, ಈಕ್ವಟೋರಿಯಲ್ ಗಿನಿಯವರು. ಆ ದೇಶ ಎಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ. ಆಫ್ರಿಕಾದ ಪಶ್ಚಿಮಕ್ಕೆ, ಕ್ಯಾಮರೂನ್ ಮತ್ತು ಗಬಾನ್ ಮಧ್ಯೆ ಸಿಕ್ಕಿಕೊಂಡ ಪುಟ್ಟ ದೇಶ. 1968ರವರೆಗೆ ಸ್ಪೇನ್ ಆಳುತ್ತಿತ್ತು. ಹಾಗಾಗಿ ಪುಸ್ತಕ 2016ರಲ್ಲಿ ಮೊದಲು ಬಂದದ್ದು ಸ್ಪ್ಯಾನಿಷ್‌ನಲ್ಲಿ. 2018ರಲ್ಲಿ ಇಂಗ್ಲಿಷಿಗೆ ಬಂತು. ಆ ದೇಶದ ಹೆಂಗಸೊಬ್ಬರ ಕಾದಂಬರಿ ಇಂಗ್ಲಿಷಿಗೆ ಬಂದದ್ದು ಅದೇ ಮೊದಲು.

ಒಕೋಮೊ ಅನ್ನುವ ಹುಡುಗಿಯ ಕಥೆ. ಫಾಂಗ್ ಜನಾಂಗದವಳು. ತಾಯಿ ಇಲ್ಲ, ಅಪ್ಪ ಯಾರು ಅಂತ ಯಾರೂ ಹೇಳುವುದಿಲ್ಲ. ಅಜ್ಜ ಅಜ್ಜಿ ಸಾಕುತ್ತಾರೆ. ಅಜ್ಜನಿಗೆ ಇಬ್ಬರು ಹೆಂಡಿರು. ಗಂಡನನ್ನು ಕಿರಿಯವಳಿಂದ ಹೇಗೆ ಬಿಡಿಸಿಕೊಳ್ಳಲಿ ಅನ್ನುವುದೇ ಅಜ್ಜಿಯ ಚಿಂತೆ. ಈ ಅಜ್ಜಿ ನಮ್ಮ ಕೇರಿಯಲ್ಲೇ ಇದ್ದಾರೆ ಅನ್ನಿಸಿತು, ಸುಳ್ಳಲ್ಲ. ಒಕೋಮೊಗೆ ಇಷ್ಟವಾಗುವುದು ಹುಡುಗಿಯರು. ಅವಳ ಮಾವ ಮಾರ್ಸೆಲೊನನ್ನು ಊರವರು ಫಾಂಗ್ ಮಾತಿನಲ್ಲಿ 'ಗಂಡುಹೆಣ್ಣು' ಅಂತ ಹಂಗಿಸುತ್ತಾರೆ. ಹಾಗಾದರೆ ನನ್ನಂಥವಳಿಗೆ ಏನನ್ನುತ್ತಾರೆ ಅಂತ ಇವಳಿಗೆ ಪ್ರಶ್ನೆ. ಅದಕ್ಕೆ ಮಾತೇ ಇಲ್ಲ ಅನ್ನುವುದು ಉತ್ತರ.

ಅಲ್ಲಿಗೆ ಪುಸ್ತಕ ಮಡಚಿಟ್ಟು ಒಲೆ ಮೇಲಿದ್ದ ಹಾಲು ನೋಡಲು ಎದ್ದೆ. ಉಕ್ಕಿ ಚೆಲ್ಲಿತ್ತು.

ನಮ್ಮೂರು ತೀರ್ಥಹಳ್ಳಿಯ ಕಡೆ. ಅಡಿಕೆ ಕೊಯ್ಲಿನಲ್ಲಿ ರಾತ್ರಿ ಎಲ್ಲರೂ ಕೂತು ಸುಲಿಯುವುದು ವಾಡಿಕೆ. ಪಕ್ಕದ ಮನೆಯಿಂದ ಅವಳೂ ಬರುತ್ತಿದ್ದಳು. ಹೆಸರು ಬೇಡ. ಮೆಟ್ಟುಗತ್ತಿ ಮುಂದೆ ನಾವಿಬ್ಬರೂ ಪಕ್ಕಪಕ್ಕ. ಕೈಯೆಲ್ಲ ಅಡಿಕೆ ಚೊಗರಿನಿಂದ ಕಪ್ಪು. ಹೊತ್ತಾಯಿತು, ಈಗೆಲ್ಲಿ ಹೋಗ್ತೀಯ, ಇಲ್ಲೇ ಮಲಗು ಅಂತ ಅಜ್ಜಿಯೇ ಇಬ್ಬರಿಗೂ ಒಂದೇ ಕಂಬಳಿ ಹೊದಿಸುತ್ತಿದ್ದರು. ನಾಲ್ಕು ಕೊಯ್ಲು ಹಾಗೇ ಕಳೆಯಿತು. ಯಾರಿಗೂ ಅನುಮಾನ ಬರಲಿಲ್ಲ. ಹೇಗೆ ಬರುತ್ತೆ? ಅನುಮಾನಪಡಲು ಒಂದು ಪದವಾದರೂ ಬೇಕಲ್ವಾ! ಗಂಡಸರನ್ನು ಬೈಯಲು ನಮ್ಮೂರಲ್ಲಿ ಬೇಕಾದಷ್ಟು ಮಾತಿದ್ದವು. ನನಗೆ ಸಿಕ್ಕಿದ್ದು 'ಗಂಡುಬೀರಿ' ಒಂದೇ. ಅದೂ ಮರ ಹತ್ತಿದ್ದಕ್ಕೆ.

ಪದ ಇಲ್ಲದ್ದರಿಂದ ನಾವು ಬಚಾವಾದೆವು ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಒಬೋನೊ ಅದನ್ನು ಕೆಡಿಸಿದರು. ಕಾದಂಬರಿಯಲ್ಲಿ ಹೆಸರಿರುವ ಮಾವನನ್ನು ಊರು ಕಾಡಿಗೆ ಅಟ್ಟುತ್ತದೆ. ಹೆಸರಿಲ್ಲದ ಹುಡುಗಿಯರನ್ನು ಮದುವೆಗೆ ಅಟ್ಟುತ್ತದೆ. ನಮ್ಮ ಪಕ್ಕದ ಮನೆಯವಳನ್ನೂ ಕೊಪ್ಪದ ಕಡೆ ಮದುವೆ ಮಾಡಿ ಕೊಟ್ಟರು. ಯಾಕೆ ಅಷ್ಟು ಅಳ್ತೀಯ ಅಂತ ಕೇಳಿದ ಅತ್ತೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರಕ್ಕೆ ಬೇಕಾದ ಪದವೂ ಇರಲಿಲ್ಲ. ಗೆಳತಿ ಹೋದಳಲ್ಲ ಅಂತ ಬೇಜಾರು ಅಂದೆ. ಅತ್ತೆ ತಲೆ ಸವರಿದರು.

ಕನ್ನಡದಲ್ಲಿ ಗಂಡಸರನ್ನೇ ಪ್ರೀತಿಸುವ ಗಂಡಸಿನ ಕಥೆಗಳಿರುವ ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲಿ ಬಂದಾಗ ಶಿವಮೊಗ್ಗದಲ್ಲಿ ಕೊಂಡು, ಪೇಪರ್ ಬೈಂಡ್ ಹಾಕಿ ಓದಿದ್ದೆ. ಕನ್ನಡದಲ್ಲೇ ಇಷ್ಟು ಹೇಳಬಹುದಾ ಅಂತ ಎದೆ ಹೊಡೆದುಕೊಂಡಿತ್ತು. ಆದರೆ ಅದು ಗಂಡಸಿನ ಒಂಟಿತನ. ಅವನಿಗೆ ದುಡಿಮೆ ಇದೆ, ಬೆಂಗಳೂರಿಗೆ ಹೋಗುವ ದಾರಿ ಇದೆ. ಒಕೋಮೊಗಿರುವುದು ಅಜ್ಜಿಯ ಮನೆ ಮತ್ತು ಕಾಡು. ನನಗೂ ಅಷ್ಟೇ ಇದ್ದದ್ದು. ಹಾಗಾಗಿ ಸಾವಿರಾರು ಮೈಲಿ ದೂರದವಳು ಹತ್ತಿರವಾದಳು.

ಕಾದಂಬರಿ ಪೂರ್ತಿ ಮೆಚ್ಚಿದೆ ಅಂತ ಹೇಳಲಾರೆ. ಕೊನೆಯ ಭಾಗ ಓಡಿಬಿಡುತ್ತದೆ. ಇನ್ನೊಂದು ಐವತ್ತು ಪುಟ ಬರೆದಿದ್ದರೆ ಏನಾಗುತ್ತಿತ್ತು ಅನ್ನಿಸಿತು. ಒಬೋನೊ 2019ರಲ್ಲಿ ಇನ್ನೊಂದು ಪುಸ್ತಕ ಮಾಡಿದ್ದಾರೆ. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ನನಗೆ ತಾಯಿಯಾಗುವುದು ಬೇಡವಿತ್ತು'. ಅವರ ದೇಶದ ಇಂಥ ಹೆಂಗಸರು ತಾವೇ ಹೇಳಿಕೊಂಡ ಬದುಕಿನ ಕಥೆಗಳು. ಸ್ಪ್ಯಾನಿಷ್ ಬಾರದ ನನಗೆ ಸದ್ಯಕ್ಕೆ ಹೆಸರಷ್ಟೇ ದಕ್ಕಿದೆ. ಹೆಸರೇ ಜಾಸ್ತಿಯಾಯಿತು.

ಕರೆಂಟ್ ಬಂದ ಮೇಲೆ ಕೊಪ್ಪಕ್ಕೆ ಫೋನ್ ಮಾಡಿದೆ. ಈಗ ಅವಳ ಮಗಳು ಪಿಯುಸಿ. ತಾಯಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಹಾಗಾಗಿ ಕಥೆಯನ್ನು ಬಾಯಲ್ಲೇ ಹೇಳಿದೆ. ಮುಕ್ಕಾಲು ಗಂಟೆ ಬೇಕಾಯಿತು. ಮಧ್ಯೆ ಎರಡು ಸಲ ಅವಳ ಕುಕ್ಕರ್ ಕೂಗಿತು. ನಾಲ್ಕು ಕೊಯ್ಲಿನ ಬಗ್ಗೆ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

"ಕೊನೆಗೆ ಆ ಹುಡುಗಿ ಎಲ್ಲಿಗೆ ಹೋದ್ಲೇ?" ಅಂದಳು.

"ಕಾಡಿಗೆ. ಮಾವ ಇದ್ದ ಕಡೆಗೆ. ಅವಳ ಜೊತೆಯವರೂ ಅಲ್ಲೇ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಲ್ಲ ಮಾರಾಯ್ತಿ, ಅಲ್ಲಿ ರಕ್ತ ಹೀರೋ ಇಂಬಳ ಇಲ್ವಂತಾ?"